ಮೂತಿ ತಗ್ಗಿದ ಗಾಡಿ: ಎತ್ತಿನ ನೊಗದಿಂದ ಪಿಕಪ್ ಸ್ಪ್ರಿಂಗ್‌ವರೆಗೆ

ಇವತ್ತಿನ ಸಂಚಿಕೆಯಲ್ಲಿ ಅರಸರೂ ಇಲ್ಲ, ಯುದ್ಧವೂ ಇಲ್ಲ. ಇವತ್ತಿನ ವಿಷಯ ಗಾಡಿಯ ಮೂತಿ. ಹೌದು, ಪಿಕಪ್ ಗಾಡಿಯ ಮುಂಭಾಗ.

ಗಂಗಾವತಿ ತಾಲ್ಲೂಕಿನ ಹನುಮನಹಳ್ಳಿ ನಿಮಗೆ ಗೊತ್ತಿರಬಹುದು. ಒಂದು ಕಡೆ ಅಂಜನಾದ್ರಿ ಬೆಟ್ಟ, ಇನ್ನೊಂದು ಕಡೆ ತುಂಗಭದ್ರೆ, ಹೊಳೆ ದಾಟಿದರೆ ಹಂಪಿ, ನಡುವೆ ಭತ್ತದ ಗದ್ದೆ. ಇಂಥ ಊರಿನ ರಸ್ತೆಯಲ್ಲಿ ಖಾಲಿ ಓಡುವ ಪಿಕಪ್ಪನ್ನು ಪಕ್ಕದಿಂದ ನೋಡಿ. ಹಿಂಭಾಗ ಎತ್ತರ, ಮುಂಭಾಗ ತಗ್ಗು. ಕೆಲವು ಮಾಲೀಕರಿಗೆ ಇದು ಕಣ್ಣಿಗೆ ಸರಿ ಬರಲ್ಲ. ಗ್ಯಾರೇಜಿಗೆ ಒಯ್ದು ಮುಂದಿನ ಸ್ಪ್ರಿಂಗಿಗೆ ಒಂದು ಪ್ಲೇಟು ಹೆಚ್ಚಿಗೆ ಹಾಕಿಸ್ತಾರೆ, ಇಲ್ಲವೇ ನಡುವೆ ಕಬ್ಬಿಣದ ತುಂಡು ಕೊಟ್ಟು ಎತ್ತರಿಸ್ತಾರೆ. ಕಾಲುವೆ ದಂಡೆಯ ಹಾದಿ, ಕೊಯ್ಲಿನ ಹೊತ್ತಿನ ಕೆಸರು, ತಗ್ಗು–ದಿನ್ನೆ ಅಂತ ಕಾರಣಗಳೂ ಇರ್ತವೆ. ಅವು ಸುಳ್ಳಲ್ಲ.

ಆದರೆ ಕಂಪನಿಯವರು ಮೂತಿ ತಗ್ಗಿಸಿ ಕೊಟ್ಟಿದ್ದು ತಪ್ಪೋ, ಲೆಕ್ಕವೋ? ಇದಕ್ಕೆ ಉತ್ತರ ಬೇಕಾದರೆ ಎತ್ತಿನ ಗಾಡಿಯ ತನಕ ಹಿಂದೆ ಹೋಗಬೇಕು.

ವಿಜಯನಗರದ ಕಾಲದಲ್ಲಿ ಈ ಭಾಗಕ್ಕೆ ದವಸ ಬರುತ್ತಿದ್ದದ್ದು ಹೆಚ್ಚಾಗಿ ಹೇರಿನ ಎತ್ತುಗಳ ಮೇಲೆ. ಬೆನ್ನಿನ ಎರಡೂ ಬದಿಗೆ ಚೀಲ. ಎಡ–ಬಲ ತೂಕ ಸಮ ಇರಬೇಕು, ಅಷ್ಟೇ ಲೆಕ್ಕ. ಎರಡು ಗಾಲಿಯ ಗಾಡಿಗೆ ಬಂದರೆ ಲೆಕ್ಕ ಬದಲಾಗುತ್ತೆ. ಅಲ್ಲಿ ಮುಂದೆ–ಹಿಂದೆ ತೂಗಬೇಕು. ಭಾರ ಇರುಸಿಗಿಂತ ಮುಂದೆ ಹೆಚ್ಚಾದರೆ ನೊಗ ಎತ್ತುಗಳ ಹೆಗಲ ಮೇಲೆ ಕೂರುತ್ತೆ. ಹಿಂದೆ ಹೆಚ್ಚಾದರೆ ಮೂಕಿ ಮೇಲೇಳುತ್ತೆ, ಕೊರಳ ಪಟ್ಟಿ ಎತ್ತಿನ ಗಂಟಲಿಗೆ ಬಿಗಿಯುತ್ತೆ. ಹಾಗಾಗಿ ಗಾಡಿ ಹೇರುವವರು ಭಾರವನ್ನು ಇರುಸಿನ ಆಚೀಚೆ ತೂಗಿಸಿ, ಒಂದಿಷ್ಟು ಮಾತ್ರ ಮುಂದಕ್ಕೆ ವಾಲಿಸ್ತಿದ್ದರು. ಖಾಲಿ ಗಾಡಿ ಹೇಗೆ ನಿಂತಿದೆ ಅಂತ ಯಾರೂ ನೋಡುತ್ತಿರಲಿಲ್ಲ. ತುಂಬಿದ ಗಾಡಿ ಹೇಗೆ ನಡೆಯುತ್ತೆ ಅನ್ನೋದೇ ಮುಖ್ಯ. ಈ ಮಾತು ನೆನಪಿಟ್ಟುಕೊಳ್ಳಿ.

ಆ ಗಾಡಿಗೆ ಸ್ಪ್ರಿಂಗ್ ಇರಲಿಲ್ಲ. 1804ರಲ್ಲಿ ಲಂಡನ್ನಿನ ಸಾರೋಟು ತಯಾರಕ ಒಬಡಯಾ ಎಲಿಯಟ್ ಎಂಬಾತ ಉಕ್ಕಿನ ಪಟ್ಟಿಗಳನ್ನು ಬಿಲ್ಲಿನಂತೆ ಬಾಗಿಸಿ ಜೋಡಿಸಿದ ಸ್ಪ್ರಿಂಗಿಗೆ ಪೇಟೆಂಟ್ ಪಡೆದ. ಒಂದರ ಮೇಲೊಂದು ಪಟ್ಟಿ ಕೂರಿಸಿದ ಆ ಬಗೆಯ ಸ್ಪ್ರಿಂಗೇ ಮುಂದೆ ಮೋಟಾರು ವಾಹನಕ್ಕೂ ಬಂತು. 1940ರ ದಶಕದ ಕೊನೆಗೆ ಮಹೀಂದ್ರ ಕಂಪನಿ ಮುಂಬೈಯಲ್ಲಿ ಜೋಡಿಸತೊಡಗಿದ ವಿಲ್ಲೀಸ್ ಜೀಪಿನ ನಾಲ್ಕೂ ಗಾಲಿಗೆ ಇದೇ ಪಟ್ಟಿ ಸ್ಪ್ರಿಂಗ್.

ಅದೇ ಹೊತ್ತಿಗೆ ನಮ್ಮ ಕಡೆ ಹೊರೆಯೂ ಬದಲಾಗ್ತಾ ಇತ್ತು. ಆನೆಗೊಂದಿ ಸುತ್ತ ವಿಜಯನಗರ ಕಾಲದ ಕಾಲುವೆಗಳು ಮೊದಲೇ ಇದ್ದವು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಗೆ ನೀರು ಹರಿದ ಮೇಲೆ ಗಂಗಾವತಿ ಸೀಮೆ ಭತ್ತದ ಕಣಜವಾಯಿತು. ಗದ್ದೆಯಿಂದ ಮಿಲ್ಲಿಗೆ, ಮಿಲ್ಲಿನಿಂದ ಪೇಟೆಗೆ ಚೀಲ ಸಾಗಿಸೋದೇ ಒಂದು ದೊಡ್ಡ ಕಸುಬು. ಎತ್ತಿನ ಗಾಡಿ ಹೋಗಿ ಟ್ರ್ಯಾಕ್ಟರ್ ಬಂತು. 1986ರಲ್ಲಿ ಟಾಟಾ 407 ಬಂತು. 2005ರಲ್ಲಿ ಟಾಟಾ ಏಸ್ ಬಂತು, ಅದೇ ‘ಛೋಟಾ ಹಾಥಿ’. ಸಣ್ಣ ಲಾರಿ ಸಣ್ಣ ಊರಿನ ಓಣಿಗೂ ನುಗ್ಗಿತು.

ಈಗ ನಮ್ಮ ಪ್ರಶ್ನೆಗೆ ಬರೋಣ. ಪಿಕಪ್ಪಿನಲ್ಲಿ ಎಂಜಿನ್ನು, ಚಾಲಕ ಎಲ್ಲ ಮುಂದೆ. ಆ ತೂಕ ಹೆಚ್ಚು ಬದಲಾಗಲ್ಲ. ಬದಲಾಗೋದು ಹಿಂದಿನದು. ಏಸ್‌ನಂಥ ಗಾಡಿಯಲ್ಲಿ ಹಿಂದೆ ಬೆಳಿಗ್ಗೆ ಏನೂ ಇರಲ್ಲ, ಮಧ್ಯಾಹ್ನ 750 ಕಿಲೋ ಇರುತ್ತೆ. ಹಾಗಾಗಿ ಹಿಂದಿನ ಸ್ಪ್ರಿಂಗನ್ನು ಗಟ್ಟಿಯಾಗಿ, ಎತ್ತರವಾಗಿ ಕಟ್ಟಿರ್ತಾರೆ. ಖಾಲಿ ಇದ್ದಾಗ ಹಿಂಭಾಗ ಮೇಲೆ ನಿಲ್ಲುತ್ತೆ, ಚೀಲ ಬಿದ್ದ ಮೇಲೆ ಇಳಿದು ಗಾಡಿ ಹೆಚ್ಚುಕಡಿಮೆ ಸಮವಾಗುತ್ತೆ. ಅಂದರೆ ಖಾಲಿ ಗಾಡಿಯ ತಗ್ಗಿದ ಮೂತಿ ದೋಷ ಅಲ್ಲ. ಬರಲಿರುವ ಭಾರಕ್ಕೆ ಬಿಟ್ಟ ಜಾಗ ಅದು. ಎತ್ತಿನ ಗಾಡಿಯ ಲೆಕ್ಕವೇ ಇಲ್ಲಿ ಉಕ್ಕಿನ ಪಟ್ಟಿಯಲ್ಲಿದೆ.

ಖಾಲಿ ಗಾಡಿ ನೋಡಿ ಮುಂಭಾಗ ಎತ್ತಿಸಿದರೆ ಏನಾಗುತ್ತೆ? ಅದೇ ಏಸ್ ಇಟ್ಟುಕೊಂಡು ಲೆಕ್ಕ ಹಾಕಿ. ಅದರ ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ನಡುವೆ 2,100 ಮಿಲಿಮೀಟರ್. ಮುಂದೆ 2 ಇಂಚು, ಅಂದರೆ ಸುಮಾರು 50 ಮಿಲಿಮೀಟರ್ ಎತ್ತಿಸಿದರೆ ಗಾಡಿ ನೂರಕ್ಕೆ 2.4ರಷ್ಟು ಮೇಲ್ಮುಖ ಆಗುತ್ತೆ. ಡಿಪ್ ಹಾಕಿದ ಹೆಡ್‌ಲೈಟನ್ನು ಸಾಮಾನ್ಯವಾಗಿ ನೂರಕ್ಕೆ ಒಂದರಷ್ಟು ಕೆಳಕ್ಕೆ ಬಾಗಿಸಿರ್ತಾರೆ. 25 ಮೀಟರ್ ದೂರದಲ್ಲಿ ಆ ಬೆಳಕು 25 ಸೆಂಟಿಮೀಟರ್ ಕೆಳಗೆ ಬೀಳಬೇಕು. ಗಾಡಿ ಎತ್ತಿಸಿದ ಮೇಲೆ ಅದು 60 ಸೆಂಟಿಮೀಟರ್ ಮೇಲಕ್ಕೆ ಸರಿಯುತ್ತೆ. ರಸ್ತೆಗೆ ಬೀಳಬೇಕಾದ ಬೆಳಕು ಎದುರಿನ ಬೈಕಿನವನ ಕಣ್ಣಿಗೆ ಬೀಳುತ್ತೆ. ಹಿಂದೆ ಭತ್ತ ಹೇರಿದರೆ ಮೂತಿ ಇನ್ನಷ್ಟು ಆಕಾಶ ನೋಡುತ್ತೆ.

ಇಷ್ಟಕ್ಕೇ ಮುಗಿಯಲ್ಲ. ಸ್ಟೀರಿಂಗ್ ರಾಡುಗಳ ಕೋನ ಬದಲಾಗುತ್ತೆ, ಬ್ರೇಕಿನ ಪೈಪು ಎಳೆದುಕೊಳ್ಳಬಹುದು, ಟೈರು ಒಂದೇ ಬದಿ ಸವೆಯಬಹುದು. ಚೀಲಗಳು ಹಿಂದಿನ ಎಕ್ಸೆಲ್ ದಾಟಿ ಹಿಂದಕ್ಕೆ ಬಂದರಂತೂ ಮುಂದಿನ ಗಾಲಿ ಹಗುರಾಗುತ್ತೆ, ತಿರುವಿನಲ್ಲಿ ಹಿಡಿತ ತಪ್ಪುತ್ತೆ. ಮೂಕಿ ಮೇಲೆದ್ದ ಗಾಡಿಯ ಕಥೆಯೇ ಇದು.

ಈ ಚಾಳಿ ನಮ್ಮಲ್ಲಷ್ಟೇ ಇಲ್ಲ. ಅಮೆರಿಕದಲ್ಲಿ ಪಿಕಪ್ಪಿನ ಮುಂಭಾಗ ಎತ್ತಿ ಹಿಂಭಾಗ ಇಳಿಸುವ ಶೋಕಿಗೆ ‘ಕೆರೊಲಿನಾ ಸ್ಕ್ವಾಟ್’ ಅಂತಲೇ ಹೆಸರು. ಮರುಭೂಮಿ ರೇಸಿನ ಗಾಡಿಗಳನ್ನು ನೋಡಿ ಹುಟ್ಟಿದ್ದು ಅದು. ಮುಂಭಾಗ ಹಿಂಭಾಗಕ್ಕಿಂತ 4 ಇಂಚು ಅಥವಾ ಅದಕ್ಕಿಂತ ಹೆಚ್ಚು ಎತ್ತರ ಇರುವಂತೆ ಮಾರ್ಪಡಿಸೋದನ್ನು ನಾರ್ತ್ ಕೆರೊಲಿನಾ ರಾಜ್ಯ 2021ರ ಡಿಸೆಂಬರ್‌ನಿಂದ ನಿಷೇಧಿಸಿತು. ಚಾಲಕನಿಗೆ ಮುಂದಿನ ರಸ್ತೆಯೇ ಕಾಣಲ್ಲ ಅನ್ನೋದು ದೊಡ್ಡ ದೂರಾಗಿತ್ತು.

ನಮ್ಮ ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ವ್ಯತ್ಯಾಸ ಬರುವ ಮಾರ್ಪಾಡನ್ನು ತಡೆಯುತ್ತೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಂತ ಬಂತು.

ಹಾಗಾದರೆ ಮುಂದಿನ ಸ್ಪ್ರಿಂಗ್ ಮುಟ್ಟಲೇಬಾರದಾ? ಹಾಗೇನಿಲ್ಲ. ವರ್ಷಗಟ್ಟಲೆ ದುಡಿದ ಗಾಡಿಯ ಪ್ಲೇಟು ಸೋತಿರುತ್ತೆ, ಒಂದೆರಡು ಮುರಿದಿರುತ್ತೆ. ಅದನ್ನು ತೆಗೆದು ಕಂಪನಿ ಅಳತೆಯ ಪ್ಲೇಟು ಹಾಕಿಸೋದು ರಿಪೇರಿ, ಮಾರ್ಪಾಡಲ್ಲ. ಮುಂಭಾಗ ಸೋತಿದೆಯಾ ಅಂತ ನೋಡೋಕೆ ಒಂದು ಸುಲಭ ದಾರಿ ಇದೆ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಷ್ಟು ಭಾರಕ್ಕೆ ಅನುಮತಿ ಇದೆಯೋ ಅಷ್ಟನ್ನೇ ಹೇರಿ, ನಾಲ್ಕೂ ಗಾಲಿಯ ಮೇಲಿನ ಎತ್ತರ ಅಳೆಯಿರಿ. ಎಡ–ಬಲ ವ್ಯತ್ಯಾಸ ಕಂಡರೆ, ತುಂಬಿದ ಮೇಲೂ ಮೂತಿ ತಗ್ಗೇ ಇದ್ದರೆ, ಆಗ ಸ್ಪ್ರಿಂಗ್ ನೋಡಿಸಿ. ಕೆಲಸ ಮುಗಿದ ಮೇಲೆ ಅಲೈನ್‌ಮೆಂಟ್ ಮತ್ತು ಹೆಡ್‌ಲೈಟು ಎರಡನ್ನೂ ಸರಿ ಮಾಡಿಸಿ.

ಡಿಸೆಂಬರ್ ಬಂತೆಂದರೆ ಹನುಮಮಾಲೆ ಹಾಕಿದವರು ಅಂಜನಾದ್ರಿಗೆ ಬರ್ತಾರೆ. ಹಲವರು ನಡೆದೇ ಬರ್ತಾರೆ, ರಾತ್ರಿಯೂ ಬರ್ತಾರೆ. ಕೊಯ್ಲು ಮುಗಿದ ಭತ್ತದ ಗಾಡಿಗಳೂ ಅದೇ ಸುಮಾರಿಗೆ ರಸ್ತೆಯಲ್ಲಿರ್ತವೆ. ಗಾಡಿಯ ಬೆಳಕು ಅವರ ಕಾಲ ಬಳಿ ಬೀಳಬೇಕು, ಕಣ್ಣಿಗಲ್ಲ.