ಮನೆಯಲ್ಲಿಯೇ ಕರುಳಿನ ಕ್ಯಾನ್ಸರ್ ತಪಾಸಣೆ: ಆಸ್ಟ್ರೇಲಿಯಾದ ರಾಷ್ಟ್ರೀಯ ಕಾರ್ಯಕ್ರಮ

ಕರುಳಿನ ಕ್ಯಾನ್ಸರ್ ಆರಂಭದ ಹಂತದಲ್ಲಿ ಯಾವುದೇ ಲಕ್ಷಣಗಳಿಲ್ಲದೆ ಬೆಳೆಯಬಹುದು. ಆ ಹಂತದಲ್ಲಿಯೇ ಪತ್ತೆಯಾದಲ್ಲಿ ಶೇಕಡ 90ಕ್ಕೂ ಹೆಚ್ಚು ಪ್ರಕರಣಗಳನ್ನು ಯಶಸ್ವಿಯಾಗಿ ಗುಣಪಡಿಸಬಹುದಾಗಿದೆ. ಈ ಉದ್ದೇಶದಿಂದ ಆಸ್ಟ್ರೇಲಿಯಾ ಸರ್ಕಾರವು 2006ರಲ್ಲಿ ಉಚಿತ ತಪಾಸಣಾ ಕಾರ್ಯಕ್ರಮವನ್ನು ಆರಂಭಿಸಿತು. ಮಲದಲ್ಲಿ ಕಣ್ಣಿಗೆ ಕಾಣದ ರಕ್ತದ ಅಂಶವನ್ನು ಈ ಪರೀಕ್ಷೆಯು ಪತ್ತೆಹಚ್ಚುತ್ತದೆ.

ಅರ್ಹತೆ
• 50ರಿಂದ 74 ವರ್ಷದವರಿಗೆ ಎರಡು ವರ್ಷಗಳಿಗೊಮ್ಮೆ ಪರೀಕ್ಷಾ ಕಿಟ್ ಅಂಚೆಯ ಮೂಲಕ ತಲುಪುತ್ತದೆ.
• 2024ರ ಜುಲೈ 1ರಿಂದ 45ರಿಂದ 49 ವರ್ಷದವರೂ ಕೋರಿಕೆ ಸಲ್ಲಿಸಿ ಮೊದಲ ಕಿಟ್ ಪಡೆಯಬಹುದು.
• ಮೆಡಿಕೇರ್‌ನಲ್ಲಿ ನೋಂದಾಯಿತರಾದ ನಾಗರಿಕರು ಹಾಗೂ ಕಾಯಂ ನಿವಾಸಿಗಳು ಅರ್ಹರು. ಸಂದರ್ಶಕ ವೀಸಾದಲ್ಲಿ ಬಂದಿರುವ ತಂದೆತಾಯಿಯರಿಗೆ ಕಿಟ್ ಬರುವುದಿಲ್ಲ. ಅವರು ವೈದ್ಯರನ್ನು ಸಂಪರ್ಕಿಸತಕ್ಕದ್ದು.

ಪರೀಕ್ಷೆಯ ವಿಧಾನ
1. ಮೊದಲು ಮೂತ್ರ ವಿಸರ್ಜಿಸಿ, ನೀರು ಹರಿಸಿ, ಕಿಟ್‌ನಲ್ಲಿರುವ ಹಾಳೆಯನ್ನು ಶೌಚದ ಬೋಗುಣಿಯಲ್ಲಿ ಹರಡಬೇಕು.
2. ಕಡ್ಡಿಯ ತುದಿಯನ್ನು ಮಲದ ಮೇಲ್ಮೈಗೆ ತಾಗಿಸಿ, ಕೊಳವೆಯಲ್ಲಿಟ್ಟು ಭದ್ರವಾಗಿ ಮುಚ್ಚಬೇಕು.
3. ಬೇರೊಂದು ಬಾರಿಯ ಮಲವಿಸರ್ಜನೆಯಲ್ಲಿ ಎರಡನೆಯ ಮಾದರಿಯನ್ನು ಸಂಗ್ರಹಿಸಬೇಕು.
4. ಮಾದರಿಗಳನ್ನು ಚೀಲದಲ್ಲಿಟ್ಟು ಫ್ರಿಜ್‌ನಲ್ಲಿ ಇಡಬೇಕು, ಫ್ರೀಜರ್‌ನಲ್ಲಿ ಇಡಬಾರದು.
5. ಹೆಸರು, ಜನ್ಮದಿನಾಂಕ, ಸಂಗ್ರಹಿಸಿದ ದಿನಾಂಕಗಳನ್ನು ನಮೂದಿಸಿ, ನಮೂನೆಗೆ ಸಹಿ ಮಾಡಿ, ಅಂಚೆವೆಚ್ಚ ಪಾವತಿಸಲಾದ ಲಕೋಟೆಯಲ್ಲಿ ಶೀಘ್ರವಾಗಿ ಕಳುಹಿಸಬೇಕು.

ಆಹಾರ ಅಥವಾ ಔಷಧಿಯಲ್ಲಿ ಬದಲಾವಣೆ ಅಗತ್ಯವಿಲ್ಲ. ಮುಟ್ಟಿನ ಅವಧಿಯಲ್ಲಿ ಹಾಗೂ ಮೂಲವ್ಯಾಧಿಯಿಂದ ರಕ್ತಸ್ರಾವವಿರುವಾಗ ಮಾದರಿ ಸಂಗ್ರಹಿಸಬಾರದು. ಬಿಸಿಲಿನಲ್ಲಿ ಮಾದರಿ ಕೆಡುವುದರಿಂದ ತಂಪಾದ ವೇಳೆಯಲ್ಲಿ ಅಂಚೆಗೆ ಹಾಕುವುದು ಸೂಕ್ತ.

ಫಲಿತಾಂಶ
ರಕ್ತ ಕಂಡುಬರದಿದ್ದಲ್ಲಿ ಎರಡು ವರ್ಷಗಳ ನಂತರ ಪರೀಕ್ಷೆಯನ್ನು ಪುನರಾವರ್ತಿಸಬೇಕು. ರಕ್ತ ಕಂಡುಬಂದಲ್ಲಿ ಅದು ಕ್ಯಾನ್ಸರ್ ಎಂದೇ ಅರ್ಥವಲ್ಲ. ಪಾಲಿಪ್ ಎಂಬ ಗಂಟು, ಮೂಲವ್ಯಾಧಿ ಅಥವಾ ಉರಿಯೂತವೂ ಕಾರಣವಾಗಿರಬಹುದು. ಆದರೆ ಕಾರಣ ತಿಳಿಯಲು ವೈದ್ಯರನ್ನು ತಡಮಾಡದೆ ಕಾಣಬೇಕು. ಸಾಮಾನ್ಯವಾಗಿ ಕೊಲೊನೊಸ್ಕೋಪಿ ಪರೀಕ್ಷೆಗೆ ಸೂಚಿಸಲಾಗುತ್ತದೆ. ಅದರಲ್ಲಿ ಪಾಲಿಪ್ ಕಂಡರೆ ಕ್ಯಾನ್ಸರ್ ಆಗುವ ಮೊದಲೇ ತೆಗೆಯಲು ಸಾಧ್ಯ.

ವಿಶೇಷ ಸೂಚನೆ
ಮಲದಲ್ಲಿ ರಕ್ತ, ಮಲವಿಸರ್ಜನೆಯ ಕ್ರಮದಲ್ಲಿ ಬದಲಾವಣೆ, ಹೊಟ್ಟೆನೋವು, ಅಕಾರಣ ತೂಕ ಇಳಿಕೆ ಇರುವವರು ಹಾಗೂ ಕುಟುಂಬದಲ್ಲಿ ಈ ಕಾಯಿಲೆಯ ಇತಿಹಾಸವುಳ್ಳವರು ಕಿಟ್‌ಗಾಗಿ ಕಾಯದೆ ವೈದ್ಯರನ್ನು ಭೇಟಿಯಾಗಬೇಕು. ಹಿಂದಿನ ಫಲಿತಾಂಶದಲ್ಲಿ ರಕ್ತ ಕಂಡುಬರದಿದ್ದರೂ ಈ ಸೂಚನೆ ಅನ್ವಯಿಸುತ್ತದೆ. ಸಂಕೋಚದಿಂದ ಕಿಟ್ಟನ್ನು ಬದಿಗಿರಿಸದಿರಲು ಕೋರಲಾಗಿದೆ.

ಮಾಹಿತಿಗೆ: 1800 627 701. ಭಾಷಾಂತರಕಾರರ ನೆರವಿಗೆ: 131 450.