ತಡೆಯುವ ಹಕ್ಕು ಮತ್ತು ಸಾಕ್ಷಿಯ ಭಾರ

ಗಡಿಯಲ್ಲಿ ಹುಟ್ಟಿ ಬೆಳೆದ ನಮಗೆ ಸರಕಿನ ತಪಾಸಣೆ ಹೊಸತಲ್ಲ. ತಲಪಾಡಿಯ ಆಚೆ ಪೇಟೆ, ಈಚೆ ಮನೆ. ಸಾಲುಗಟ್ಟಿ ನಿಂತ ಲಾರಿಗಳನ್ನು ಬಸ್ಸಿನ ಕಿಟಕಿಯಿಂದ ನೋಡುತ್ತ, "ಒಂದೇ ದೇಶದೊಳಗೆ ಇದೇಕೆ?" ಎಂದು ಚಿಕ್ಕಂದಿನಲ್ಲಿ ನಾನು ತಂದೆಯವರನ್ನು ಕೇಳಿದ್ದುಂಟು. 2017ರ ಜುಲೈಯಲ್ಲಿ ಜಿ.ಎಸ್.ಟಿ. ಬಂದ ಮೇಲೆ ಆ ತೆರಿಗೆಯ ಗೇಟುಗಳು ಹೋದವು. ಪ್ರಶ್ನೆ ಮಾತ್ರ ನನ್ನಲ್ಲಿ ಉಳಿಯಿತು. ಒಂದು ವಸ್ತುವನ್ನು ತಡೆಯುವ ಹಕ್ಕು ಯಾರಿಗೆ? ಯಾವ ಕಾರಣಕ್ಕೆ?

ಇದೇ ಪ್ರಶ್ನೆ ಯುರೋಪಿನಲ್ಲಿ ಒಂದು ಬಾಟಲಿಯ ನೆಪದಲ್ಲಿ ಎದ್ದಿತ್ತು. 1957ರ ರೋಮ್ ಒಪ್ಪಂದದ ಮೂಲಕ ಆರು ದೇಶಗಳು ಒಂದೇ ಮಾರುಕಟ್ಟೆಯಾಗಲು ಹೊರಟವು. ಸುಂಕಗಳು ಹೋದರೂ ಪ್ರತಿಯೊಂದು ದೇಶದ ಕಟ್ಟಳೆಗಳು ಉಳಿದವು. 1976ರಲ್ಲಿ ಜರ್ಮನಿಯ ರೇವೆ ಎಂಬ ವ್ಯಾಪಾರ ಸಂಸ್ಥೆ ಫ್ರಾನ್ಸಿನ ದಿಜೋನಿನಿಂದ 'ಕಸಿಸ್' ಎಂಬ ಹಣ್ಣಿನ ಮದ್ಯ ತರಿಸಲು ಮುಂದಾಯಿತು. ತರಲು ಪರವಾನಿಗೆ ಬೇಡ, ಆದರೆ ಮಾರುವಂತಿಲ್ಲ ಎಂಬ ಉತ್ತರ ಬಂತು. ಅಂಥ ಮದ್ಯದಲ್ಲಿ ಕನಿಷ್ಠ ಶೇ. 25 ಮದ್ಯಸಾರ ಇರಬೇಕೆಂದು ಜರ್ಮನಿಯ ನಿಯಮ, ಕಸಿಸಿನಲ್ಲಿದ್ದುದು ಶೇ. 15ರಿಂದ 20.

ಜರ್ಮನ್ ಸರಕಾರದ ವಾದ ಕೇಳಿದರೆ ನಗು ಬರುತ್ತದೆ. ಮದ್ಯಸಾರ ಕಡಿಮೆಯಿದ್ದರೆ ಜನ ಸುಲಭವಾಗಿ ಚಟಕ್ಕೆ ಬೀಳುತ್ತಾರೆ, ಆದ್ದರಿಂದ ಇದು ಆರೋಗ್ಯದ ರಕ್ಷಣೆ ಎಂದಿತು ಅದು. ಲಕ್ಸೆಂಬರ್ಗಿನಲ್ಲಿರುವ ಯುರೋಪಿನ ನ್ಯಾಯಾಲಯ 1979ರ ಫೆಬ್ರವರಿ 20ರಂದು ಈ ವಾದವನ್ನು ತಳ್ಳಿಹಾಕಿತು. ಮದ್ಯಸಾರ ಎಷ್ಟೆಂದು ಬಾಟಲಿಯ ಚೀಟಿಯಲ್ಲಿ ಬರೆದರೆ ಸಾಕು. ಒಂದು ದೇಶದಲ್ಲಿ ಕಾನೂನುಬದ್ಧವಾಗಿ ಮಾರಾಟವಾಗುವುದನ್ನು ಇನ್ನೊಂದು ದೇಶ ತಕ್ಕ ಕಾರಣವಿಲ್ಲದೆ ತಡೆಯಬಾರದು. ಬಿಯರಿನ ಹೆಸರನ್ನು ತನ್ನ ಕ್ರಮದಲ್ಲಿ ತಯಾರಿಸಿದ್ದಕ್ಕೆ ಮಾತ್ರ ಮೀಸಲಿಟ್ಟಿದ್ದ ಜರ್ಮನಿ 1987ರಲ್ಲಿ ಮತ್ತೊಮ್ಮೆ ಸೋತಿತು. ಒಟ್ಟು ತಾತ್ಪರ್ಯ ಇಷ್ಟು: ತಡೆಯುವವನೇ ಕಾರಣ ತೋರಿಸಬೇಕು.

ಕಾರಣ ನಿಜವಾಗಿದ್ದರೆ? ಅದಕ್ಕೂ ಉದಾಹರಣೆ ಇದೆ. 1997ರ ಆರಂಭದಿಂದ ಫ್ರಾನ್ಸ್ ಕಲ್ನಾರನ್ನು ನಿಷೇಧಿಸಿತು. ಅದನ್ನು ರಫ್ತು ಮಾಡುತ್ತಿದ್ದ ಕೆನಡಾ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2001ರಲ್ಲಿ ಅಲ್ಲಿನ ಮೇಲ್ಮನವಿ ಮಂಡಳಿ ಫ್ರಾನ್ಸಿನ ನಿಷೇಧವನ್ನು ಎತ್ತಿಹಿಡಿಯಿತು. ತನ್ನ ಜನರಿಗೆ ಎಷ್ಟು ರಕ್ಷಣೆ ಬೇಕೆಂದು ನಿರ್ಧರಿಸುವುದು ಆಯಾ ದೇಶಕ್ಕೆ ಬಿಟ್ಟದ್ದು. ವಿಜ್ಞಾನಿಗಳ ಬಹುಮತಕ್ಕಾಗಿ ಕಾದು ಕೂರಬೇಕಾಗಿಲ್ಲ ಎಂದಿತು.

ಈ ಮಾತನ್ನು ಓದಿದಾಗ ನನ್ನ ಮನಸ್ಸು ಎಣ್ಮಕಜೆಯತ್ತ ಹರಿಯಿತು. ನಮ್ಮ ಜಿಲ್ಲೆಯ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಯಿತು. ಅದು ನಿಂತದ್ದು 2000ದ ಹೊತ್ತಿಗೆ. ವಾಣೀನಗರದ ಡಾ. ವೈ.ಎಸ್. ಮೋಹನ್ ಕುಮಾರ್ ತಮ್ಮ ರೋಗಿಗಳಲ್ಲಿ ಕಂಡದ್ದನ್ನು ಬರೆದರು. ಪತ್ರಕರ್ತ ಶ್ರೀಪಡ್ರೆಯವರು ಲೋಕಕ್ಕೆ ತಿಳಿಸಿದರು. ಆದರೆ 1968ರ ಕೀಟನಾಶಕ ಕಾಯಿದೆಯಲ್ಲಿ ರಾಜ್ಯ ಸರಕಾರಕ್ಕಿರುವುದು ತಾತ್ಕಾಲಿಕ ತಡೆಯ ಅಧಿಕಾರ. ಶಾಶ್ವತ ನಿಷೇಧ ಕೇಂದ್ರದ ಕೈಯಲ್ಲಿದೆ. ಹೀಗಾಗಿ ದೇಶವ್ಯಾಪಿ ತಡೆಗೆ ಸುಪ್ರೀಂ ಕೋರ್ಟು 2011ರ ಮೇ 13ರಂದು ಆಜ್ಞೆ ಮಾಡುವವರೆಗೆ ಕಾಯಬೇಕಾಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು 2017ರ ಜನವರಿಯಲ್ಲಿ ಕೇರಳ ಸರಕಾರಕ್ಕೆ ಹೇಳಿತು.

ಸರಕು ಸರಾಗವಾಗಿ ಓಡಾಡಬೇಕೆಂಬುದಕ್ಕೆ ನನ್ನ ತಕರಾರಿಲ್ಲ. ನಮ್ಮ ಸಂವಿಧಾನದ 301ನೆಯ ವಿಧಿಯೂ ಅದನ್ನೇ ಹೇಳುತ್ತದೆ. ಗಡಿಯವರಾದ ನಮ್ಮ ಅಡಿಗೆ, ಅಡಿಕೆ, ಪುಸ್ತಕ ಎಲ್ಲವೂ ಗಡಿ ದಾಟಿಯೇ ಬರುವಂಥವು, ಹೋಗುವಂಥವು. ಕಸಿಸ್ ಮೊಕದ್ದಮೆಯಲ್ಲಿ ಸರಕಾರದಿಂದ ಸಾಕ್ಷಿ ಕೇಳಿದ್ದು ನ್ಯಾಯವೇ. ಬಾಟಲಿ ಮೂರು ವರ್ಷ ಕಾದರೆ ಯಾರೂ ಸಾಯುವುದಿಲ್ಲ. ಆದರೆ ಇಲ್ಲಿ ಸಾಕ್ಷಿಯ ಭಾರ ಬಿದ್ದದ್ದು ಕಾಯಿಲೆಯವರ ಹೆಗಲಿಗೆ. ಬೆಳೆದ ಮಗನಿಗೆ ಇಂದಿಗೂ ತುತ್ತು ಉಣಿಸುವ ತಾಯಂದಿರು ನಮ್ಮ ನೆರೆಯಲ್ಲಿದ್ದಾರೆ. ಸಾಕ್ಷಿ ಒದಗುವವರೆಗೆ ಕಾಯಿರಿ ಎಂದು ಇನ್ನು ಮುಂದೆ ಯಾವುದೇ ಔಷಧಿಯ ಬಗೆಗೆ ಯಾರಾದರೂ ಹೇಳಿದರೆ, ಹೇಳುವವರು ಮೊದಲು ಈ ಮನೆಗಳಿಗೆ ಬಂದುಹೋಗಲಿ.