ಒಂದು ಸಾಲಿನ ಆಜ್ಞೆ, ಎರಡು ಕಮಲಾಪುರ

2014ರ ನವೆಂಬರ್ 1ರಂದು ಕರ್ನಾಟಕದ ಹನ್ನೆರಡು ಊರುಗಳ ಹೆಸರು ಸರ್ಕಾರಿ ದಾಖಲೆಯಲ್ಲಿ ಬದಲಾಯಿತು. ಅವತ್ತಿನಿಂದ ಗುಲ್ಬರ್ಗಾ ಹೋಗಿ ಕಲಬುರಗಿ ಆಯ್ತು. ಊರಿನ ಮಂದಿಗೆ ಇದು ಹೊಸದಲ್ಲ, ಮನೆಯಲ್ಲಿ, ಸಂತೆಯಲ್ಲಿ ಅವರು ಹೇಳುತ್ತಿದ್ದದ್ದೇ ಕಲಬುರಗಿ ಅಂತ. ಪೇಚಿಗೆ ಬಿದ್ದವರು ಶಾಸನಪಾಠಗಳನ್ನು ಕಂಪ್ಯೂಟರಿನಲ್ಲಿ ಕೂಡಿಟ್ಟುಕೊಂಡವರು. ಒಂದು ಫೋಲ್ಡರಿನಲ್ಲಿ ಆರುನೂರೋ ಎಂಟುನೂರೋ ಪಠ್ಯ ಕಡತಗಳಿವೆ ಅಂದುಕೊಳ್ಳಿ. ಒಂದೊಂದರಲ್ಲೂ ಒಂದು ಶಾಸನ, ಮೇಲೆ ಊರು, ತಾಲೂಕು, ಜಿಲ್ಲೆ, ಪ್ರಕಟಣೆಯ ವಿವರ, ಕೆಳಗೆ ಪಾಠ. ಇವನ್ನೆಲ್ಲ ಒಂದೊಂದಾಗಿ ತೆರೆದು ತಿದ್ದುವ ಬದಲು ಶೆಲ್ ಸ್ಕ್ರಿಪ್ಟಿನ ಒಂದೇ ಸಾಲು ಬರೆದು, ‘ಗುಲ್ಬರ್ಗಾ’ ಇದ್ದಲ್ಲೆಲ್ಲ ‘ಕಲಬುರಗಿ’ ಮಾಡು ಅಂದರೆ ಮುಗೀತಲ್ಲ?

ಮುಗಿಯಲ್ಲ. ಯಾಕೆ ಅಂತ ನೋಡಲು ಈ ಊರಿನ ಚರಿತ್ರೆಯೇ ಸಾಕು.

1347ರಲ್ಲಿ ಅಲಾಉದ್ದೀನ್ ಹಸನ್ ಬಹಮನ್ ಶಾಹ ಇಲ್ಲಿ ರಾಜಧಾನಿ ಕಟ್ಟಿದಾಗ ಊರಿಗೆ ಅಹಸನಾಬಾದ್ ಅಂತ ಹೆಸರಿಟ್ಟ. ಅಂದರೆ ಊರಿನ ಹೆಸರನ್ನು ಆಳುವವರು ಬದಲಿಸಿದ್ದು 2014ರಲ್ಲೇ ಮೊದಲಲ್ಲ. ನಿಜಾಮರ ಕಾಲಕ್ಕೆ ಗುಲ್ಬರ್ಗಾ ಹೈದರಾಬಾದ್ ಸಂಸ್ಥಾನದ ಒಂದು ಜಿಲ್ಲೆ. 1914ರಲ್ಲಿ ಶುರುವಾದ ಹೈದರಾಬಾದಿನ ಪುರಾತತ್ವ ಇಲಾಖೆಗೆ ಗುಲಾಂ ಯಾಜ್ದಾನಿ ಮುಖ್ಯಸ್ಥರಾಗಿದ್ದರು, ಈ ಸೀಮೆಯ ಫಾರಸಿ ಶಾಸನಗಳೂ ಕನ್ನಡ ಶಾಸನಗಳೂ ಆ ಕಾಲದಲ್ಲಿ ಅಚ್ಚಿಗೆ ಬಂದವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆದರೆ ಪಿ. ಬಿ. ದೇಸಾಯಿಯವರ ಶಾಸನ ಸಂಪುಟ 1958ರಲ್ಲಿ ಹೊರಬಂದಾಗ ಅದರ ಹೆಸರಿನಲ್ಲಿ ‘ಹೈದರಾಬಾದ್ ರಾಜ್ಯದ ಕನ್ನಡ ಜಿಲ್ಲೆಗಳು’ ಅಂತಲೇ ಇತ್ತು. ಪುಸ್ತಕ ಕೈಗೆ ಬರುವ ಹೊತ್ತಿಗೆ ಆ ರಾಜ್ಯವೇ ಇರಲಿಲ್ಲ! ಹಾಗಂತ ಪುಸ್ತಕದ ಹೆಸರನ್ನು ನಾವು ತಿದ್ದಲಾದೀತೇ?

ಆ ಒಂದು ಸಾಲಿನ ಆಜ್ಞೆ ಇಂಥದ್ದನ್ನೇ ಮಾಡುತ್ತದೆ. 1980ರಲ್ಲಿ ಸ್ಥಾಪನೆಯಾದ ಗುಲ್ಬರ್ಗಾ ವಿಶ್ವವಿದ್ಯಾಲಯ ಇವತ್ತಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯವೇ. ಆಜ್ಞೆ ಓಡಿಸಿದರೆ ನಿಮ್ಮ ಕಡತಗಳಲ್ಲಿ ಇಲ್ಲದ ವಿಶ್ವವಿದ್ಯಾಲಯವೊಂದು ಹುಟ್ಟಿಕೊಳ್ಳುತ್ತದೆ. ‘ಕಲಬುರ್ಗಿ’ ಅಂತ ಬರೆದ ಕಡೆಯೂ ಒಂದೇ ರೂಪ ಇರಲಿ ಅಂತ ‘ಕಲಬುರಗಿ’ ಮಾಡಹೊರಟರೆ, ಶಾಸನ ಸಂಶೋಧಕ ಎಂ. ಎಂ. ಕಲಬುರ್ಗಿಯವರ ಹೆಸರೂ ಪ್ರತಿ ಉಲ್ಲೇಖದಲ್ಲಿ ತಿರುಚಿಹೋಗುತ್ತದೆ. ಇನ್ನು ಯಾದಗಿರಿಯದು ಬೇರೆ ಕಥೆ. 2010ರ ಹೊತ್ತಿಗೆ ಯಾದಗಿರಿ, ಶಹಾಪುರ, ಸುರಪುರ ತಾಲೂಕುಗಳು ಬೇರೆ ಜಿಲ್ಲೆಯಾದವು. ಚಾಲುಕ್ಯ ವಂಶಾವಳಿಗೆ ಹೆಸರಾದ ಯೇವೂರು ಶಾಸನ ಹಳೆಯ ಪ್ರಕಟಣೆಯ ಲೆಕ್ಕದಲ್ಲಿ ಗುಲ್ಬರ್ಗಾ ಜಿಲ್ಲೆಯದು, ಊರು ಈಗಿರುವುದು ಯಾದಗಿರಿ ಜಿಲ್ಲೆಯಲ್ಲಿ. ಅದಕ್ಕೆ ‘ಕಲಬುರಗಿ ಜಿಲ್ಲೆ’ ಅಂತ ಬರೆದರೆ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ, ಯಾವ ಕಾಲಕ್ಕೂ ನಿಜವಲ್ಲದ ಮಾಹಿತಿ.

ಕಮಲಾಪುರ ಇನ್ನೂ ಸ್ವಾರಸ್ಯದ ಪ್ರಕರಣ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯ ಮೇಲಿನ ಈ ಊರನ್ನು ಹೊರಗಿನವರು ಗುರುತಿಸುವುದು ಕೆಂಪು ಬಾಳೆಹಣ್ಣಿನಿಂದ. ಹಳೆಯ ಸಂಪುಟಗಳಲ್ಲಿ ಕಮಲಾಪುರವೂ ಸುತ್ತಲಿನ ಮಹಾಗಾಂವದಂಥ ಊರುಗಳೂ ‘ಗುಲ್ಬರ್ಗಾ ತಾಲೂಕು’. ಇತ್ತೀಚೆಗೆ ಹೊಸ ತಾಲೂಕುಗಳಾದಾಗ ಕಮಲಾಪುರವೇ ಒಂದು ತಾಲೂಕಾಯಿತು. ಆದ್ದರಿಂದ ‘ಗುಲ್ಬರ್ಗಾ ತಾಲೂಕು’ ಅನ್ನುವ ಒಂದೇ ಮಾತು ಕೆಲವು ಕಡತಗಳಲ್ಲಿ ‘ಕಲಬುರಗಿ ತಾಲೂಕು’, ಕೆಲವದರಲ್ಲಿ ‘ಕಮಲಾಪುರ ತಾಲೂಕು’ ಆಗಬೇಕು. ಯಾವುದು ಯಾವುದಾಗಬೇಕು ಅನ್ನುವುದು ಆ ಮಾತನ್ನೇ ನೋಡಿದರೆ ತಿಳಿಯಲ್ಲ, ಊರಿನ ಹೆಸರು ನೋಡಬೇಕು. ಊರಿನ ಹೆಸರೂ ಒಮ್ಮೊಮ್ಮೆ ಸಾಲದು. ಹಂಪಿಯ ಪಕ್ಕದಲ್ಲೂ ಒಂದು ಕಮಲಾಪುರ ಇದೆಯಲ್ಲ, ಪುರಾತತ್ವ ಇಲಾಖೆಯ ಸಂಗ್ರಹಾಲಯ ಇರುವುದು! ಆ ಕಡೆ ಶಾಸನಕ್ಷೇತ್ರಕ್ಕೆ ಹೋದವರು ‘ಕಮಲಾಪುರ’ ಅಂದರೆ ಅದನ್ನೇ ನೆನೆಯುತ್ತಾರೆ. ಕಲಬುರಗಿ ಬಸ್ ನಿಲ್ದಾಣದಲ್ಲಿ ನಿಂತು ಹಾಗಂದರೆ ನಿಮ್ಮನ್ನು ಹುಮನಾಬಾದ್ ಕಡೆಯ ಬಸ್ಸಿಗೆ ಹತ್ತಿಸುತ್ತಾರೆ. ಸ್ಕ್ರಿಪ್ಟಿಗೆ ಮಾತ್ರ ಎರಡೂ ಒಂದೇ ಅಕ್ಷರಮಾಲೆ.

ಇದಕ್ಕೆ ಇರುವ ದಾರಿ ಹಳೆಯದೇ: ತಾಳೆಪಟ್ಟಿ. ಒಂದು ಸಾಲಿಗೆ ಒಂದು ಶಾಸನ. ಶಾಸನದ ಸಂಖ್ಯೆ, ಮುದ್ರಿತ ಪುಸ್ತಕದಲ್ಲಿರುವ ಊರು–ತಾಲೂಕು–ಜಿಲ್ಲೆ, ಇವತ್ತಿನ ಊರು–ತಾಲೂಕು–ಜಿಲ್ಲೆ, ಇಷ್ಟೂ ಆ ಸಾಲಿನಲ್ಲಿ. ಪಟ್ಟಿಯನ್ನು ಮನುಷ್ಯರೇ ಕೂತು ಮಾಡಬೇಕು. ಅದಾದ ಮೇಲೆ ‘ಆಕ್’ ಆ ಪಟ್ಟಿ ಓದಿ ಪ್ರತಿ ಕಡತದಲ್ಲೂ ‘ಇಂದಿನ ಜಿಲ್ಲೆ’ ಅನ್ನುವ ಹೊಸ ಸಾಲು ಸೇರಿಸಲಿ. ಹಳೆಯ ‘ಜಿಲ್ಲೆ’ ಸಾಲಿಗೆ ‘ಪ್ರಕಟಣೆಯಂತೆ’ ಅಂತ ಗುರುತು ಹಾಕಿ ಹಾಗೇ ಬಿಡಲಿ. ಹಳೆಯದನ್ನು ಅಳಿಸುವ ಬದಲು ಪಕ್ಕಕ್ಕೆ ಹೊಸದನ್ನು ಬರೆಯುವುದು ನನ್ನ ಮಟ್ಟಿಗೆ ಇಡೀ ಕೆಲಸದ ಮುಖ್ಯ ಸೂತ್ರ.

ಈ ಉಪಕರಣಗಳ ಹುಟ್ಟಿನ ಬಗ್ಗೆ ಒಂದು ಮಾತು. ‘ಸೆಡ್’ ಅನ್ನು 1973–74ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸಿನ ಲೀ ಮೆಕ್‌ಮಹನ್ ಬರೆದರು. ‘ಗ್ರೆಪ್’ ಕೆನ್ ಥಾಂಪ್ಸನ್ನರದು. ‘ಆಕ್’ ಬಂದದ್ದು 1977ರಲ್ಲಿ. ಈ ಮೂರೂ ಪಠ್ಯವನ್ನು ಸಾಲು ಸಾಲಾಗಿ ಓದುತ್ತವೆ. ಶಾಸನತಜ್ಞರೂ ಪಾಠವನ್ನು ಸಾಲಿನ ಲೆಕ್ಕದಲ್ಲೇ ಕೊಡುತ್ತಾರೆ, ಹಾಗಾಗಿ ಎರಡಕ್ಕೂ ಚೆನ್ನಾಗಿ ಹೊಂದಬೇಕು ಅನ್ನಿಸುತ್ತದೆ. ಆದರೆ ಕಲ್ಲಿನ ಸಾಲು ಪದಕ್ಕೆ ಕಾಯಲ್ಲ. ಕಲ್ಲಿನ ಅಂಚು ಬಂತು ಅಂದರೆ ‘ಸತ್ಯಾಶ್ರ’ ಅಲ್ಲಿಗೇ ನಿಂತು, ‘ಯಕುಳತಿಳಕ’ ಮುಂದಿನ ಸಾಲಿಗೆ ಹೋಗುತ್ತದೆ. ‘ಸತ್ಯಾಶ್ರಯಕುಳತಿಳಕ’ ಎಷ್ಟು ಶಾಸನಗಳಲ್ಲಿದೆ ಅಂತ ಗ್ರೆಪ್ ಕೇಳಿದರೆ ಇಂಥ ಶಾಸನಗಳು ಎಣಿಕೆಗೇ ಸಿಗಲ್ಲ. ಆ ಎಣಿಕೆ ನಂಬಿ ‘ಇಂಥ ಬಿರುದು ಈ ಭಾಗದಲ್ಲಿ ಕಡಿಮೆ’ ಅಂತ ಲೇಖನ ಬರೆದರೆ ಏನಾಯಿತು? ಹುಡುಕುವುದಕ್ಕಾಗಿಯೇ ಸಾಲುಗಳನ್ನು ಜೋಡಿಸಿದ ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕು, ಮೂಲದ ಸಾಲು ಮುರಿಯಬಾರದು.

ಊರ ಹೆಸರುಗಳನ್ನು ಬಿಟ್ಟು ಪಾಠಕ್ಕೇ ಕೈಹಾಕಿದಾಗ ಅಪಾಯ ಹೆಚ್ಚು. ನಮ್ಮಲ್ಲಿನ ಎಷ್ಟೋ ಪಾಠಗಳು ಮೊದಲು ಬೆರಳಚ್ಚಾದದ್ದು ‘ನುಡಿ’ಯಲ್ಲೋ ‘ಬರಹ’ದಲ್ಲೋ, ಯೂನಿಕೋಡ್ ಬಳಕೆಗೆ ಬರುವ ಮುಂಚೆ. ಆ ಫಾಂಟುಗಳಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವ ಜಾಗದಲ್ಲೇ, ಅಂದರೆ ಅಕ್ಷರ ಆದಮೇಲೆ ಕೂರುತ್ತದೆ. ಯೂನಿಕೋಡಿನಲ್ಲಿ ‘ರ್’ ಮುಂಚೆ ಬರಬೇಕು. ಇವತ್ತಿನ ‘ಧರ್ಮ’ಕ್ಕೆ ಪರಿವರ್ತಕ ಒಂದು ಹೆಜ್ಜೆ ಹಿಂದೆ ಹೋದರೆ ಸಾಕು. ಶಾಸನದಲ್ಲಿ ಬರುವುದು ‘ಧರ್ಮ್ಮ’, ‘ಸರ್ವ್ವ’, ‘ಅರ್ಕ್ಕ’. ರೇಫೆಯ ಮುಂದಿನ ವ್ಯಂಜನ ಇಮ್ಮಡಿಯಾಗಿರುತ್ತದೆ. ಅಲ್ಲಿ ಒತ್ತಕ್ಷರವನ್ನೂ ದಾಟಿ ಹಿಂದಕ್ಕೆ ಹೋಗಬೇಕು, ಇಲ್ಲವಾದರೆ ಅಕ್ಷರ ಒಡೆಯುತ್ತದೆ. ಒಡೆದದ್ದನ್ನು ಕಂಡವರು ಬೇಸತ್ತು ‘ಧರ್ಮ’ ಅಂತಲೇ ಸಾಮೂಹಿಕವಾಗಿ ಬದಲಿಸಿಬಿಡುವ ಆಸೆಗೆ ಬೀಳುತ್ತಾರೆ. ದಯವಿಟ್ಟು ಬೀಳಬೇಡಿ, ಆ ಇಮ್ಮಡಿ ಲಿಪಿಕಾರನ ರೂಢಿ, ಬೆರಳಚ್ಚಿನ ತಪ್ಪಲ್ಲ.

ಸೊನ್ನೆಯದ್ದೂ ಹೀಗೇ. ಅನುಸ್ವಾರದ ‘ಂ’ ಬರೆಯಬೇಕಾದಲ್ಲಿ ಅಂಕಿಯ ‘೦’ ಒತ್ತಿರುವುದು ಹಳೆಯ ಕಡತಗಳಲ್ಲಿ ಬೇಕಾದಷ್ಟಿದೆ. ಕಣ್ಣಿಗೆ ಎರಡೂ ಒಂದೇ, ಹುಡುಕಾಟಕ್ಕೆ ಬೇರೆ. ಎಲ್ಲವನ್ನೂ ಬದಲಿಸು ಅಂದರೆ ಶಕವರ್ಷ ‘೧೦೦೨’ ಇದ್ದದ್ದು ‘೧ಂಂ೨’ ಆಗುತ್ತದೆ. ಮುಂಚೆ ಅಕ್ಷರ ಇದ್ದರೆ ಮಾತ್ರ ಬದಲಿಸು, ಅಂಕಿ ಇದ್ದರೆ ಬಿಡು ಅಂತ ಷರತ್ತು ಹಾಕಬೇಕು. ಕೆಲವು ದೀರ್ಘಸ್ವರದ ಗುಣಿತಾಕ್ಷರಗಳನ್ನೂ ಯೂನಿಕೋಡಿನಲ್ಲಿ ಒಂದೇ ಸಂಕೇತವಾಗಿಯೂ ಬಿಡಿಬಿಡಿ ತುಂಡುಗಳಾಗಿಯೂ ಬರೆಯಬಹುದು. ಅದಕ್ಕೆ ಎಲ್ಲಕ್ಕೂ ಮೊದಲು ಕಡತಗಳನ್ನು ಏಕರೂಪಕ್ಕೆ ತರುವ ಸಾಮಾನ್ಯೀಕರಣ ಮಾಡಿಕೊಂಡರೆ ಒಳ್ಳೆಯದು. ಇದರಿಂದ ಪಾಠಕ್ಕೆ ಧಕ್ಕೆಯಿಲ್ಲ.

ಧಕ್ಕೆ ಆಗುವುದು ಱ ಮತ್ತು ೞ ವಿಷಯದಲ್ಲಿ. ಈ ಎರಡಕ್ಕೆ ಫಾಂಟಿನಲ್ಲಿ ಆಕಾರವಿಲ್ಲ, ಪೆಟ್ಟಿಗೆ ಕಾಣುತ್ತದೆ ಅಂತ ಱ-ಗೆ ರ, ೞ-ಗೆ ಳ ಹಾಕಿ ಕೈತೊಳೆದುಕೊಳ್ಳುವುದುಂಟು. ಹತ್ತನೇ ಶತಮಾನದ ಆಚೀಚೆಗೆ ೞ ತನ್ನತನ ಕಳಕೊಂಡು ಳ ಜತೆ, ವ್ಯಂಜನದ ಮುಂದೆ ರ ಜತೆ ಬೆರೆಯತೊಡಗಿತು. ‘ಗೞ್ದೆ’ ‘ಗರ್ದೆ’ಯಾಗಿ ‘ಗದ್ದೆ’ಯಾದದ್ದು ಗೊತ್ತಿರುವುದೇ. ತೇದಿಯ ಭಾಗ ಒಡೆದುಹೋದ ಶಾಸನದಲ್ಲಿ ಲಿಪಿಕಾರ ‘ಕೆಱೆ’ ಅಂದನೋ ‘ಕೆರೆ’ ಅಂದನೋ, ‘ಏೞು’ ಬರೆದನೋ ‘ಏಳು’ ಬರೆದನೋ ಅನ್ನುವುದು ಕಾಲ ನಿರ್ಣಯಕ್ಕೆ ಸಿಗುವ ಕೆಲವೇ ಹಿಡಿಕೆಗಳಲ್ಲಿ ಒಂದು. ಒಂದು ಸಾಲಿನ ಆಜ್ಞೆ ಎಂಟುನೂರು ಕಡತಗಳಿಂದ ಆ ಹಿಡಿಕೆಯನ್ನು ಅರೆಕ್ಷಣದಲ್ಲಿ ಕಿತ್ತುಹಾಕುತ್ತದೆ. ತಿರುಗಿಸಲೂ ಬರಲ್ಲ. ಳ-ವನ್ನೆಲ್ಲ ಮತ್ತೆ ೞ ಮಾಡಿದರೆ ‘ಕುಳತಿಳಕ’ದ ಗತಿ ಏನು?

ಸನ್ನತಿಯ ಅಶೋಕನ ಶಾಸನ ಇದೇ ಜಿಲ್ಲೆಯದು. ದೇವತಾ ವಿಗ್ರಹಕ್ಕೆ ಪೀಠ ಮಾಡಲು ಆ ಬಂಡೆಯ ನಡುವೆ ತೂತು ಕೊರೆದಿದ್ದಾರೆ, ಅಲ್ಲಿದ್ದ ಅಕ್ಷರಗಳು ಹೋದವು. ಅದೇ ಆಜ್ಞೆಗಳ ಬೇರೆ ಪ್ರತಿಗಳು ಧೌಲಿ, ಜೌಗಡದಂಥ ಕಡೆ ಉಳಿದಿದ್ದರಿಂದ ಕಳೆದುಹೋದದ್ದು ಏನಿರಬಹುದು ಅಂತ ಹೇಳಲು ಬಂತು. ಹಳ್ಳಿಯೊಂದರ ದಾನಶಾಸನಕ್ಕೆ ಅಂಥ ಜೋಡಿಪ್ರತಿ ಎಲ್ಲಿಂದ ಬರಬೇಕು?

ಅಂದಹಾಗೆ, ಯೂನಿಕೋಡಿನಲ್ಲಿ ೞ-ದ ಅಧಿಕೃತ ಹೆಸರೇ ತಪ್ಪಾಗಿದೆ. ಮೊದಲಿಗೆ ಅದನ್ನು ‘ಫ’ ಅಂತ ದಾಖಲಿಸಿಬಿಟ್ಟರು. ಒಮ್ಮೆ ಇಟ್ಟ ಹೆಸರು ಬದಲಿಸುವಂತಿಲ್ಲ ಅನ್ನುವುದು ಅಲ್ಲಿನ ನಿಯಮ, ಹಾಗಾಗಿ ತಪ್ಪನ್ನು ಹಾಗೇ ಬಿಟ್ಟು ಪಕ್ಕದಲ್ಲಿ ಸರಿಯಾದ ಹೆಸರನ್ನು ಕೊಟ್ಟಿದ್ದಾರೆ. ಹಳೆಯ ಶಾಸನಗಳಲ್ಲಿ ಬರುವ ನಕಾರ ಪೊಲ್ಲು ‘ೝ’ ಯೂನಿಕೋಡಿಗೆ ಸೇರಿದ್ದು 2021ರಲ್ಲಿ. ಅದಕ್ಕೂ ಮುಂಚಿನ ಕಡತಗಳಲ್ಲಿ ಅದರ ಜಾಗದಲ್ಲಿ ‘ನ್’ ಇದ್ದೀತು. ಈಗ ಎಲ್ಲ ‘ನ್’ ಗಳನ್ನೂ ಪೊಲ್ಲು ಮಾಡುವಂತಿಲ್ಲ. ಅಚ್ಚೊತ್ತು ಪ್ರತಿಯನ್ನೋ ಫೋಟೋವನ್ನೋ ಮುಂದಿಟ್ಟುಕೊಂಡು ಒಂದೊಂದೇ ನೋಡಬೇಕು.

ಇನ್ನೊಂದು ತಮಾಷೆ. ಸಂಪಾದಕರು ಸವೆದ ಅಕ್ಷರವನ್ನು ಚೌಕ ಆವರಣದಲ್ಲಿ ಇಡುತ್ತಾರೆ, ತಾವು ತುಂಬಿಸಿದ ಅಕ್ಷರಕ್ಕೆ ನಕ್ಷತ್ರ ಚಿಹ್ನೆ ಹಾಕುತ್ತಾರೆ, ಹೋದ ಅಕ್ಷರಗಳಿಗೆ ಚುಕ್ಕೆ ಇಡುತ್ತಾರೆ. ಸೆಡ್‌ಗೆ ಈ ಮೂರೂ ಚಿಹ್ನೆಗಳಿಗೆ ಬೇರೆಯೇ ಅರ್ಥ. ಚೌಕ ಆವರಣ ಅಂದರೆ ‘ಇವುಗಳಲ್ಲಿ ಯಾವುದಾದರೂ ಒಂದು’, ನಕ್ಷತ್ರ ಅಂದರೆ ‘ಎಷ್ಟು ಸಲವಾದರೂ’, ಚುಕ್ಕೆ ಅಂದರೆ ‘ಯಾವ ಅಕ್ಷರವಾದರೂ’. ಮುಂದೆ ಹಿಂಬಾಗಿದ ಗೀಟು ಹಾಕದೆ ಆಜ್ಞೆ ಕೊಟ್ಟರೆ, ಹೋದ ಅಕ್ಷರದ ಗುರುತು ಇದ್ದ ಅಕ್ಷರಗಳನ್ನೇ ನುಂಗುತ್ತದೆ.

ತೇದಿಯನ್ನು ಯಂತ್ರಕ್ಕೆ ಬಿಡುವವರು ಶಕಕ್ಕೆ 78 ಕೂಡಿಸು ಅಂತಾರೆ. ಚೈತ್ರದಿಂದ ಕ್ರಿಸ್ತವರ್ಷದ ಕೊನೆಯವರೆಗೆ ಸರಿ, ಜನವರಿ ದಾಟಿದ ಪುಷ್ಯ, ಮಾಘ, ಫಾಲ್ಗುಣಗಳಿಗೆ 79 ಬೇಕು. ಹಾಗಂತ ಪುಷ್ಯ ಅಂದಕೂಡಲೇ 79 ಹಾಕಬಾರದು. ಕಲ್ಯಾಣ ಚಾಲುಕ್ಯರ ಕಾಲಕ್ಕೆ ದಾನಗಳಿಗೆ ಪ್ರಿಯವಾದ ಉತ್ತರಾಯಣ ಸಂಕ್ರಾಂತಿ ಬರುತ್ತಿದ್ದದ್ದು ಡಿಸೆಂಬರ್ 24–25ರ ಸುಮಾರಿಗೆ, ಅದು ಇನ್ನೂ 78ರ ಲೆಕ್ಕವೇ. ವಾರ, ತಿಥಿ ತಾಳೆ ನೋಡದೆ ಕೂಡುವ ಸ್ಕ್ರಿಪ್ಟು ವರ್ಷ ತಪ್ಪಿಸುತ್ತದೆ.

ಇಷ್ಟೆಲ್ಲ ಹೇಳಿದ್ದು ಸ್ಕ್ರಿಪ್ಟು ಬೇಡ ಅಂತಲ್ಲ. ಎಂಟುನೂರು ಕಡತ ಕೈಯಲ್ಲಿ ತಿದ್ದಿದರೆ ಹೊಸ ತಪ್ಪುಗಳು ಅದಕ್ಕಿಂತ ಜಾಸ್ತಿ ಸೇರುತ್ತವೆ. ಮಾಡುವ ಕ್ರಮ ಇಷ್ಟು: ಫೋಲ್ಡರಿನ ಪೂರ್ತಿ ನಕಲು ಬೇರೆ ಡಿಸ್ಕಿಗೆ. ಆಜ್ಞೆಯನ್ನು ‘ಊರು:’, ‘ತಾಲೂಕು:’ ಅಂತ ಶುರುವಾಗುವ ಸಾಲುಗಳಿಗೆ ಮಾತ್ರ ಕಟ್ಟಿಹಾಕಿ, ‘ಪಾಠ:’ದ ಕೆಳಗೆ ಇಳಿಯದಂತೆ ನೋಡಿಕೊಳ್ಳಿ. ಮೊದಲು ಪರದೆಯ ಮೇಲೆ ತೋರಿಸು ಅನ್ನಿ, ಬರೆಯಬೇಡ ಅನ್ನಿ. ‘ಡಿಫ್’ ತೋರಿಸುವ ಒಂದೊಂದು ವ್ಯತ್ಯಾಸವನ್ನೂ ಓದಿ, ಬೇಸರ ಬಂದರೆ ಎದ್ದು ಚಹಾ ಕುಡಿದು ಬಂದು ಮತ್ತೆ ಓದಿ. ಕೊನೆಗೆ ಹಳೆಯ ನಕಲಿನಲ್ಲಿ ಎಷ್ಟು ಱ, ಎಷ್ಟು ೞ, ಎಷ್ಟು ಚೌಕ ಆವರಣಗಳಿವೆ, ಹೊಸದರಲ್ಲಿ ಎಷ್ಟಿವೆ ಅಂತ ಎಣಿಸಿ. ಒಂದು ಕಡಿಮೆ ಬಿದ್ದರೂ ನಿಲ್ಲಿಸಿ ಹುಡುಕಿ. ಮುದ್ರಣದಲ್ಲಿ ಬರೀ ‘ಕಮಲಾಪುರ’ ಅಂತಿದ್ದು ತಾಲೂಕು ಹೇಳದ ನಮೂದು ಸಿಕ್ಕರೆ ‘ಇಂದಿನ ತಾಲೂಕು’ ಸಾಲನ್ನು ಖಾಲಿ ಬಿಟ್ಟು, ಯಾರಾದರೂ ಹೋಗಿ ಕಲ್ಲು ನೋಡಿ ಬರುವವರೆಗೆ ಪಟ್ಟಿಯ ಕೊನೆಯಲ್ಲಿ ಇಟ್ಟಿರಿ.